ಪತ್ರಿಕಾ ಕಚೇರಿಯ ನೆಲಮಾಳಿಗೆಯಲ್ಲಿ ಒಂದು ಶನಿವಾರ

2013ರ ಜುಲೈ 20. ಲಂಡನ್ನಿನ 'ಗಾರ್ಡಿಯನ್' ಪತ್ರಿಕೆಯವರು ವೆಲ್ಡಿಂಗ್ ಶಾಪಿನಲ್ಲಿ ಕಾಣುವಂಥ ಗ್ರೈಂಡರ್, ಡ್ರಿಲ್ ಹಿಡಿದು ತಮ್ಮದೇ ಕಂಪ್ಯೂಟರ್‌ಗಳನ್ನು ಪುಡಿ ಮಾಡಿದರು. ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಇಬ್ಬರು ನಿಂತು ನೋಡುತ್ತಿದ್ದರು. ಒಳಗಿದ್ದದ್ದು ಎಡ್ವರ್ಡ್ ಸ್ನೋಡೆನ್ ಕೊಟ್ಟ ದಾಖಲೆಗಳು: ಸರ್ಕಾರಗಳು ಜನರ ಫೋನು, ಇಂಟರ್ನೆಟ್ಟಿನ ಮೇಲೆ ಕಣ್ಣಿಟ್ಟಿದ್ದಕ್ಕೆ ಪುರಾವೆ. ನಾಶ ಮಾಡದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದು ಸರ್ಕಾರ ಬೆದರಿಸಿತ್ತು.

ಡಿಲೀಟ್ ಮಾಡಿದರೆ ಸಾಲದೇ? ಸಾಲದು. ಹಳೆಯ ಹಾರ್ಡ್ ಡಿಸ್ಕನ್ನು ಬಲವಾದ ಅಯಸ್ಕಾಂತದಿಂದ ಅಳಿಸಬಹುದು. ಎಸ್‌ಎಸ್‌ಡಿಯಲ್ಲಿ, ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲೂ, ಮಾಹಿತಿ ಚಿಪ್‌ನೊಳಗೆ ವಿದ್ಯುತ್ ಚಾರ್ಜ್ ಆಗಿ ಕೂತಿರುತ್ತದೆ, ಅಯಸ್ಕಾಂತಕ್ಕೆ ಜಗ್ಗುವುದಿಲ್ಲ. ಚಿಪ್‌ಗಳನ್ನೇ ಅರೆಯಬೇಕು.

ತಮಾಷೆಯೆಂದರೆ, ಅದೇ ದಾಖಲೆಗಳ ಪ್ರತಿ ಅಮೆರಿಕದಲ್ಲಿತ್ತು. ಅಧಿಕಾರಿಗಳಿಗೂ ಅದು ಗೊತ್ತಿತ್ತು! ವರದಿಗಳು ನಿಲ್ಲಲಿಲ್ಲ. ಪುಡಿಯಾದ ಮ್ಯಾಕ್‌ಬುಕ್ 2015ರಲ್ಲಿ ಲಂಡನ್ನಿನದೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಬಂತು.