ಕೊಲ್ಲಾಪುರ ಸೀಮೆಯ ಸ್ವರಗಳು

ಇಂಗ್ಲಿಷಿನ ‘ಟೆಸ್ಟ್’ ಮತ್ತು ‘ಟೇಸ್ಟ್’ ಕನ್ನಡ ಬರಹದಲ್ಲಿ ಬೇರೆ ಬೇರೆ. ಮರಾಠಿಯ ಬಾಳಬೋಧ ಲಿಪಿಯಲ್ಲಿ ಎರಡಕ್ಕೂ ಒಂದೇ ರೂಪ, ಏಕೆಂದರೆ ಅಲ್ಲಿ ಎಕಾರಕ್ಕೆ ಹ್ರಸ್ವ ದೀರ್ಘಗಳ ಭೇದವಿಲ್ಲ. ಅದೇ ಮರಾಠಿ, ಇಂಗ್ಲಿಷಿನ ‘ಹಾಲ್’, ‘ಬಾಲ್’ಗಳ ದುಂಡನೆಯ ಸ್ವರಕ್ಕೆ ಅಕ್ಷರದ ತಲೆಯ ಮೇಲೊಂದು ಅರ್ಧಚಂದ್ರವಿಟ್ಟು ಅದನ್ನು ಆಕಾರದಿಂದ ಬೇರ್ಪಡಿಸುತ್ತದೆ, ಕನ್ನಡದಲ್ಲಿ ಆ ಸೌಕರ್ಯವಿಲ್ಲ. ಕನ್ನಡ ಮನೆಯ ಎಷ್ಟೋ ಮಕ್ಕಳು ಮರಾಠಿ ಶಾಲೆಗೆ ಹೋಗುವ ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ ಭಾಗದಲ್ಲಿ ಹುಡುಗನೊಬ್ಬ ‘ಟೆಸ್ಟ್’ನ ಎಕಾರವನ್ನು ಎಳೆದರೆ ಅದನ್ನು ಹಳ್ಳಿ ನಾಲಗೆಯ ದೋಷವೆನ್ನುವುದು ಅನ್ಯಾಯ. ಮನೆಮಾತಿನ ಸ್ವರವನ್ನು ಕಿವಿ ಕಾಯುತ್ತದೆ. ಪುಸ್ತಕದ ದಾರಿಯಿಂದ ಬಂದ ಪದದ ಸ್ವರವನ್ನು ಲಿಪಿ ನಿರ್ಧರಿಸುತ್ತದೆ.

ಇದಕ್ಕೆ ಪುರಾವೆ ಆ ನೆಲದಲ್ಲೇ ಇದೆ. 12ನೆಯ ಶತಮಾನದಲ್ಲಿ ಕೊಲ್ಲಾಪುರವನ್ನಾಳಿದ ಶಿಲಾಹಾರ ಗಂಡರಾದಿತ್ಯನ ಕಾಲದ ಕನ್ನಡ ಶಾಸನಗಳು ಅಲ್ಲಿ ಸಿಕ್ಕಿವೆ. ಆಗಿನ ಕನ್ನಡ ಲಿಪಿಯೂ ಸಾಮಾನ್ಯವಾಗಿ ಎ, ಏಗಳನ್ನಾಗಲಿ ಒ, ಓಗಳನ್ನಾಗಲಿ ಬೇರೆ ಮಾಡಿ ತೋರಿಸುತ್ತಿರಲಿಲ್ಲ. ಹಾಗೆಂದು ‘ಕೊಡು’ವಿಗೂ ‘ಕೋಡು’ವಿಗೂ ಬಾಯಲ್ಲಿ ಗೊಂದಲವಾಗಲಿಲ್ಲ, ಮುಂದಿನ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ ಹ್ರಸ್ವ ಎ, ಒಗಳನ್ನು ದೇಶೀಯ ವರ್ಣಗಳಲ್ಲೇ ಎಣಿಸಿದ. ಬರಹ ಮರೆಸಿದ್ದನ್ನು ಮಾತು ಉಳಿಸಿತ್ತು. ಇನ್ನೂ ಒಂದು ಸಂಪತ್ತು ಉತ್ತರದ ಆಡುಮಾತಿನಲ್ಲಿದೆ: ಬೇಡ ಎಂಬುದು ‘ಬ್ಯಾಡ’, ಬೇಳೆ ‘ಬ್ಯಾಳಿ’, ಪೇಟೆ ‘ಪ್ಯಾಟಿ’. ಇಂಗ್ಲಿಷಿನ ‘ಬ್ಯಾಟ್’ನ ಸ್ವರಕ್ಕೆ ತೀರ ಹತ್ತಿರದ ಸ್ವರ ಇದು, ಇಂಗ್ಲಿಷ್ ಶಾಲೆಯಿಂದ ಕಲಿತದ್ದಲ್ಲ. ‘ಬೆಳಿ’ಯನ್ನೂ ‘ಬ್ಯಾಳಿ’ಯನ್ನೂ ಬೆರೆಸದ ಬಾಯಿಗೆ ‘ಬೆಟ್’ ಮತ್ತು ‘ಬ್ಯಾಟ್’ ಕಷ್ಟವಾಗಬಾರದು. ಶಿಷ್ಟ ಕನ್ನಡ ಅಶುದ್ಧವೆಂದು ತಳ್ಳಿದ ಉಚ್ಚಾರವೇ ಇಲ್ಲಿ ಬಂಡವಾಳ.

ಇಂಗ್ಲಿಷಿನ ‘ಗೇಟ್’ನಲ್ಲಿರುವುದು ನಮ್ಮ ಏಕಾರವಲ್ಲ, ಎಯಿಂದ ಇಯತ್ತ ಜಾರುವ ಸಂಯುಕ್ತ ಸ್ವರ, ಹಾಗಿರುವಾಗ ಕನ್ನಡದ ಹ್ರಸ್ವ ದೀರ್ಘಗಳಿಂದೇನು ಲಾಭ ಎಂದು ಕೇಳಬಹುದು. ಮಾತು ಸರಿ. ಆದರೆ ಕೇಳುಗನಿಗೆ ಮೊದಲು ಬೇಕಾದದ್ದು ಎರಡು ಪದ ಎರಡಾಗಿ ಕೇಳಿಸುವುದು. ಶಾಹೂ ಮಹಾರಾಜರು ಕೊಲ್ಲಾಪುರ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದ 1917ರಲ್ಲೇ ಲಂಡನ್ನಿನಲ್ಲಿ ಡೇನಿಯಲ್ ಜೋನ್ಸರ ಇಂಗ್ಲಿಷ್ ಉಚ್ಚಾರಣೆಯ ನಿಘಂಟು ಹೊರಬಂತು. ‘ಶಿಪ್’, ‘ಶೀಪ್’ಗಳ ಸ್ವರಗಳಿಗೆ ಗುಣದಲ್ಲೂ ವ್ಯತ್ಯಾಸವಿದ್ದರೂ ಜೋನ್ಸರು ಎರಡಕ್ಕೂ ಒಂದೇ ಅಕ್ಷರ ಬಳಸಿ, ದೀರ್ಘದ ಗುರುತೊಂದರಿಂದಲೇ ಬೇರೆ ಮಾಡಿದರು. ಅವರಿಗೆ ಸಾಲುವ ಸಾಧನ ಗಡಹಿಂಗ್ಲಜದ ಮಗುವಿಗೂ ಸಾಕು.

ಅದೇ ಜಿಲ್ಲೆಯ ಇಚಲಕರಂಜಿಯನ್ನು ತೋರಿಸಿ ಇನ್ನೊಂದು ಆಕ್ಷೇಪ ಎತ್ತಬಹುದು. 1904ರಲ್ಲಿ ಮೊದಲ ಪಾವರ್‌ಲೂಮ್ ಬಂದ ಆ ಊರಲ್ಲಿ ‘ಬೀಮ್’, ‘ಡಾಬಿ’, ‘ಸೈಜಿಂಗ್’ ಎಂಬ ಮಗ್ಗದ ಮಾತುಗಳು ಓದು ಬಾರದವರ ನಾಲಗೆಯ ಮೇಲೂ ಇವೆಯಲ್ಲ, ಅಲ್ಲಿ ಲಿಪಿಯ ಕೈವಾಡ ಎಲ್ಲಿ? ಇಲ್ಲ, ನಿಜ. ‘ಡಾಬಿ’ ಎಂದು ಕನ್ನಡದಲ್ಲಿ ಬರೆದು ಓದುವವನಿಗೆ ಶುದ್ಧ ಆಕಾರವೇ ಸಿಗುತ್ತದೆ. ಮಗ್ಗದ ಸದ್ದಿನ ನಡುವೆ ಪಕ್ಕದ ಮರಾಠಿ ಕೆಲಸಗಾರನಿಂದ ಅದನ್ನು ಕೇಳಿ ಕಲಿತ ಕನ್ನಡಿಗನಿಗೆ ಆ ದುಂಡು ಸ್ವರ ಅರ್ಧಚಂದ್ರದ ಹಂಗಿಲ್ಲದೆ ದಕ್ಕುತ್ತದೆ. ದಿನವಿಡೀ ಕಿವಿಗೆ ಬೀಳುವ ಕಸುಬಿನ ಪದ ಅವನಿಗೆ ಮನೆಮಾತೇ ಆಗಿರುತ್ತದೆ.