ಸೆಲ್ಲಿನಿಂದ ಸ್ಮಾರ್ಟ್‌ಫೋನಿಗೆ: ಧನಗೆರೆ ಸೀಮೆಯಲ್ಲಿ ಬ್ಯಾಟರಿ ಬಾಳಿಕೆಯ ಚರಿತ್ರೆ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳನ್ನು ಒಳಗೊಂಡ ಧನಗೆರೆ ಸೀಮೆಯು ಭಾರತದ ವಿದ್ಯುತ್ ಚರಿತ್ರೆಯ ಅತ್ಯಂತ ಹಳೆಯ ನೆಲೆಗಳಲ್ಲೊಂದರ ಮಗ್ಗುಲಲ್ಲೇ ಇದೆ. ಕಾವೇರಿಯು ಗಗನಚುಕ್ಕಿ ಮತ್ತು ಭರಚುಕ್ಕಿಗಳಾಗಿ ಧುಮುಕುವ ಶಿವನಸಮುದ್ರದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಕಾಲದಲ್ಲಿ ನಿರ್ಮಾಣ ಆರಂಭವಾದ ಜಲವಿದ್ಯುತ್ ಕೇಂದ್ರವು 1902ರಲ್ಲಿ ಕೆಲಸ ಶುರುಮಾಡಿದಾಗ ಅದರ ವಿದ್ಯುತ್ತು ಮೊದಲು ಹರಿದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ; 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಜಲಪಾತದ ನೆರೆಯ ಸೀಮೆಯಾದರೋ ಆಗ ಎರಡು ಆಡಳಿತಗಳ ನಡುವೆ ಹಂಚಿಹೋಗಿತ್ತು. ಹನೂರನ್ನು ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಮದ್ರಾಸಿನ ಆಡಳಿತದಡಿ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತಿದ್ದ ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿದಿತ್ತು. ಬಯಲಿನ ಹಳ್ಳಿಗಳಿಗೆ ವಿದ್ಯುತ್ ತಂತಿ ಬರಲು ದಶಕಗಳೇ ಹಿಡಿದವು. ಕಾಡಂಚಿನ ದೊಡ್ಡಿಗಳಿಗೂ, ಪೋಡುಗಳೆಂದು ಕರೆಯಲಾಗುವ ಸೋಲಿಗರ ನೆಲೆಗಳಿಗೂ ಅದು ಇನ್ನಷ್ಟು ತಡವಾಯಿತು. ಈ ಕಾರಣದಿಂದ ಇಲ್ಲಿನ ಅನೇಕ ಮನೆಗಳಿಗೆ ವಿದ್ಯುತ್ತಿನ ಪರಿಚಯವಾದದ್ದು ಗೋಡೆಯ ಸ್ವಿಚ್ಚಿನಿಂದಲ್ಲ, ಟಾರ್ಚಿಗೂ ರೇಡಿಯೋಗೂ ಹಾಕುತ್ತಿದ್ದ ಸೆಲ್ಲಿನಿಂದ. ಬ್ಯಾಟರಿಯನ್ನು ಹೆಚ್ಚು ಕಾಲ ಬಾಳಿಸುವ ಜಾಣ್ಮೆಯು ಸ್ಮಾರ್ಟ್‌ಫೋನಿಗಿಂತ ಬಹಳ ಹಳೆಯದು.

ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಸೆಲ್ಲಿನಲ್ಲಿ ದ್ರವವಿತ್ತು. ಅದನ್ನು ಚೆಲ್ಲದಂತೆ ಗಟ್ಟಿ ಹಿಟ್ಟಿನ ರೂಪಕ್ಕೆ ತಂದಾಗ ಶುಷ್ಕಕೋಶ, ಎಂದರೆ ಅಂಗಡಿಯಲ್ಲಿ ಸಿಗುವ 1.5 ವೋಲ್ಟಿನ ಸಾಮಾನ್ಯ ಸೆಲ್ಲು, ಹುಟ್ಟಿತು. ಅದರ ಹೊರಗಿನ ತಗಡು ಸತುವಿನದು, ನಡುವೆ ಇರುವುದು ಇಂಗಾಲದ ಕಡ್ಡಿ, ಅದರ ಸುತ್ತ ತುಂಬಿರುವ ಕಪ್ಪು ಪುಡಿಯಲ್ಲಿ ಮುಖ್ಯವಾದುದು ಮ್ಯಾಂಗನೀಸ್ ಡೈಆಕ್ಸೈಡ್. ಸತುವು ಕರಗುತ್ತಾ ಹೋದಂತೆ ವಿದ್ಯುತ್ತು ದೊರೆಯುವುದರಿಂದ ಸೆಲ್ಲಿನ ಹೊರಮೈಯೇ ಅದರ ಇಂಧನವಾಗಿತ್ತು. ಹಳೆಯ ಸೆಲ್ಲು ತೂತುಬಿದ್ದು ರಸ ಸೋರಿ ಟಾರ್ಚಿನ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯುತ್ತಿದ್ದುದಕ್ಕೂ ಇದೇ ಕಾರಣ. ರೇಡಿಯೋದ ಸದ್ದು ಸಣ್ಣಗಾದಾಗ ಸೆಲ್ಲುಗಳನ್ನು ತೆಗೆದು ಬಿಸಿಲಿಗೆ ಇಟ್ಟು, ಸಂಜೆ ಮತ್ತೆ ಹಾಕಿ ವಾರ್ತೆಯನ್ನೋ ಚಿತ್ರಗೀತೆಯನ್ನೋ ಕೇಳುವ ರೂಢಿ ಹಳ್ಳಿಗಳಲ್ಲೆಲ್ಲ ಇತ್ತು. ಇದು ಬರಿಯ ನಂಬಿಕೆಯಾಗಿರಲಿಲ್ಲ: ಸತತ ಬಳಕೆಯಿಂದ ಕಡ್ಡಿಯ ಸುತ್ತ ಕೂಡಿಕೊಂಡ ರಾಸಾಯನಿಕಗಳು ವಿರಾಮದ ವೇಳೆಯಲ್ಲಿ ಚದುರುತ್ತವೆ ಮತ್ತು ಶಾಖವು ಉಳಿದ ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ಆದ್ದರಿಂದ ಸೆಲ್ಲಿಗೆ ಸ್ವಲ್ಪ ಹೊತ್ತಿನ ಮಟ್ಟಿಗೆ ನಿಜವಾಗಿಯೂ ಜೀವ ಬರುತ್ತಿತ್ತು.

ಶುಷ್ಕಕೋಶವನ್ನು ಒಮ್ಮೆ ಬಳಸಿ ಬಿಸಾಡಬೇಕಿತ್ತು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸ-ಆಮ್ಲದ ಬ್ಯಾಟರಿಯನ್ನು ಗಾಸ್ತೋಂ ಪ್ಲಾಂಟೆ 1859ರಷ್ಟು ಹಿಂದೆಯೇ ಕಂಡುಹಿಡಿದಿದ್ದರೂ, ಅದು ಹಳ್ಳಿಗಳನ್ನು ತಲುಪಿದ್ದು ಟ್ರ್ಯಾಕ್ಟರು, ಬಸ್ಸು ಮತ್ತು ಆಮೇಲೆ ಯುಪಿಎಸ್ಸುಗಳ ಮೂಲಕ. ಸೌರದೀಪಗಳು ಕಾಡಿನೊಳಗಿನ ನೆಲೆಗಳಿಗೆ ಬಂದಾಗಲೂ ಹಗಲಿನ ಬಿಸಿಲನ್ನು ರಾತ್ರಿಗೆ ಕಾದಿಡುವ ಕೆಲಸ ಮಾಡಿದ್ದು ಬ್ಯಾಟರಿಯೇ. ಆದರೆ ಸೀಸದ ಬ್ಯಾಟರಿಯ ಶಿಸ್ತು ಸೆಲ್ಲಿನದಕ್ಕಿಂತ ಬೇರೆಯಾಗಿತ್ತು: ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಪೂರ್ತಿ ಇಳಿಯಲು ಬಿಡಬಾರದು, ಆದಷ್ಟು ಮಟ್ಟಿಗೆ ತುಂಬಿಸಿಯೇ ಇಡಬೇಕು. ಹೀಗೆ ಒಂದೇ ಹೆಸರಿನ ಎರಡು ವಸ್ತುಗಳಿಗೆ ಎರಡು ಬಗೆಯ ಪಾಲನೆ ಬೇಕೆಂಬುದು ಅನುಭವದಿಂದಲೇ ತಿಳಿದುಬಂತು.

ಭಾರತದಲ್ಲಿ ಮೊಬೈಲ್ ಕರೆ ಆರಂಭವಾದದ್ದು 1995ರ ಜುಲೈ 31ರಂದು. ಆ ಕಾಲದ ಅನೇಕ ಫೋನುಗಳಲ್ಲಿದ್ದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗೆ ಒಂದು ದೌರ್ಬಲ್ಯವಿತ್ತು: ಅರ್ಧ ಖಾಲಿಯಾದಾಗಲೇ ಮತ್ತೆ ಮತ್ತೆ ಚಾರ್ಜ್ ಮಾಡುತ್ತಿದ್ದರೆ ಅದರ ಉಪಯುಕ್ತ ಸಾಮರ್ಥ್ಯ ಕುಗ್ಗಬಹುದಾಗಿತ್ತು, ಇದನ್ನು ಸ್ಮೃತಿ ಪರಿಣಾಮ ಎನ್ನುತ್ತಾರೆ. ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜಿಗೆ ಹಾಕಬೇಕೆಂಬ ನಿಯಮವು ಈ ಬ್ಯಾಟರಿಗೆ ಸಂಬಂಧಿಸಿದ್ದು. 2003ರಲ್ಲಿ ಟಾರ್ಚ್ ಸಹಿತವಾಗಿ ಮಾರುಕಟ್ಟೆಗೆ ಬಂದ ನೋಕಿಯಾ 1100 ಭಾರತದ ಹಳ್ಳಿಗಳಲ್ಲಿ ಮನೆಮಾತಾಗುವ ಹೊತ್ತಿಗೆ ಬ್ಯಾಟರಿಯ ಒಳಗಿನ ರಸಾಯನ ಬದಲಾಗಿಹೋಗಿತ್ತು. ಅದರಲ್ಲಿದ್ದದ್ದು ಸೋನಿ ಕಂಪನಿಯು 1991ರಲ್ಲಿ ಮಾರಾಟಕ್ಕೆ ತಂದ ಲಿಥಿಯಂ-ಅಯಾನ್ ಮಾದರಿಯ ಬ್ಯಾಟರಿ. ಈ ಮಾದರಿಗೆ ಬುನಾದಿ ಹಾಕಿದ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ವಸ್ತು ಬದಲಾದರೂ ಹಳೆಯ ನಿಯಮ ಮಾತ್ರ ಬಾಯಿಂದ ಬಾಯಿಗೆ ಹಾಗೆಯೇ ಉಳಿದುಬಂದದ್ದು ಇಂದಿನ ಅನೇಕ ತಪ್ಪು ರೂಢಿಗಳ ಮೂಲವಾಗಿದೆ.

ಲಿಥಿಯಂ ಬ್ಯಾಟರಿಯಲ್ಲಿ ವಿದ್ಯುದಂಶವುಳ್ಳ ಲಿಥಿಯಂ ಕಣಗಳು, ಎಂದರೆ ಅಯಾನುಗಳು, ಗ್ರಾಫೈಟ್ ಪದರ ಮತ್ತು ಲೋಹದ ಆಕ್ಸೈಡ್ ಪದರಗಳ ನಡುವೆ ಹೋಗಿಬರುತ್ತಿರುತ್ತವೆ. ಅದಕ್ಕೆ ಸ್ಮೃತಿ ಪರಿಣಾಮದ ಭಯವಿಲ್ಲ. ಅದರ ನಿಜವಾದ ಶತ್ರುಗಳು ಶಾಖ, ಪೂರ್ತಿ ಖಾಲಿಯಾಗುವಿಕೆ ಮತ್ತು ತುಂಬಿದ ಸ್ಥಿತಿಯಲ್ಲೇ ದೀರ್ಘಕಾಲ ಇರುವಿಕೆ. ಬಿಸಿಲಿಗಿಟ್ಟರೆ ರೇಡಿಯೋದ ಸೆಲ್ಲು ಚೇತರಿಸಿಕೊಳ್ಳುತ್ತಿತ್ತು, ಆದರೆ ಅದೇ ಬಿಸಿಲು ಫೋನಿನ ಬ್ಯಾಟರಿಯ ಆಯುಷ್ಯವನ್ನು ಕಾಯಮ್ಮಾಗಿ ಕಡಿಮೆ ಮಾಡುತ್ತದೆ. ಬೈಕಿನ ಮುಂಭಾಗದಲ್ಲಿ ಸುಡುಬಿಸಿಲಿಗೆ ಸಿಕ್ಕಿಸಿದ ಫೋನು, ಹಾಸಿಗೆಯ ಮೇಲೆ ದಿಂಬಿನಡಿ ಚಾರ್ಜಿಗೆ ಹಾಕಿದ ಫೋನು, ಚಾರ್ಜಿನಲ್ಲಿರುವಾಗಲೇ ಆಟವಾಡಲು ಬಳಸುವ ಫೋನು, ಈ ಮೂರೂ ಒಂದೇ ಬಗೆಯ ಹಾನಿಗೆ ಈಡಾಗುತ್ತವೆ. ಸಾಧ್ಯವಾದಾಗಲೆಲ್ಲ ಚಾರ್ಜನ್ನು ಶೇ 20 ಮತ್ತು ಶೇ 80ರ ನಡುವೆ ಇರಿಸಿಕೊಳ್ಳುವುದು, ಕರೆಂಟ್ ಇದ್ದಾಗ ಸ್ವಲ್ಪ ಸ್ವಲ್ಪವಾಗಿ ತುಂಬಿಸಿಕೊಳ್ಳುವುದು ಈ ಬ್ಯಾಟರಿಗೆ ಒಗ್ಗುವ ಕ್ರಮ. ಕರೆಂಟ್ ಯಾವಾಗ ಹೋಗುವುದೋ ಎಂಬ ಆತಂಕದಿಂದ ಸಿಕ್ಕಾಗಲೆಲ್ಲ ಚಾರ್ಜ್ ಮಾಡಿಕೊಳ್ಳುವ ಹಳ್ಳಿಯ ಅಭ್ಯಾಸವು ಈ ದೃಷ್ಟಿಯಿಂದ ಸರಿಯಾದದ್ದೇ ಆಗಿದೆ.

ಬ್ಯಾಟರಿಯ ಆಯುಷ್ಯ ಒಂದು ವಿಷಯವಾದರೆ ಒಂದು ಚಾರ್ಜು ಎಷ್ಟು ಹೊತ್ತು ಬರುತ್ತದೆಂಬುದು ಇನ್ನೊಂದು, ಮತ್ತು ಇಲ್ಲಿ ಈ ಸೀಮೆಯ ಭೂಗುಣವೇ ಮುಖ್ಯವಾಗುತ್ತದೆ. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತರ ಫೋನುಗಳು, ಯಾರೂ ಬಳಸದೆ ಜೇಬಿನಲ್ಲೇ ಇದ್ದರೂ, ಬೇಗ ಖಾಲಿಯಾಗಬಹುದು. ಬೆಟ್ಟಗಳ ಮರೆಯಲ್ಲಿ ಟವರಿನ ಸಿಗ್ನಲ್ ಕ್ಷೀಣಿಸಿದಾಗ ಫೋನು ಹೆಚ್ಚು ಶಕ್ತಿ ವ್ಯಯಿಸಿ ತನ್ನ ಸಂಕೇತ ಕಳಿಸುತ್ತದೆ. ಸಿಗ್ನಲ್ ಪೂರ್ತಿ ಇಲ್ಲವಾದಾಗ ಟವರನ್ನು ಮತ್ತೆ ಮತ್ತೆ ಹುಡುಕುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಾಡುದಾರಿಯಲ್ಲೂ ಇದೇ ಸ್ಥಿತಿ. ಇಂಥ ಕಡೆ ಫ್ಲೈಟ್ ಮೋಡ್, ಎಂದರೆ ಫೋನಿನ ಎಲ್ಲ ರೇಡಿಯೋ ಸಂಪರ್ಕಗಳನ್ನು ಒಮ್ಮೆಗೇ ಸ್ಥಗಿತಗೊಳಿಸುವ ವ್ಯವಸ್ಥೆ, ಅತ್ಯಂತ ಫಲಕಾರಿ. ಉಳಿದಂತೆ ಪರದೆಯ ಬೆಳಕನ್ನು ಇಳಿಸುವುದು, ಬೇಡದ ಆ್ಯಪ್‌ಗಳಿಗೆ ಹಿನ್ನೆಲೆಯಲ್ಲಿ ಓಡಲು ಮತ್ತು ಸ್ಥಳವನ್ನು ತಿಳಿಯಲು ಅನುಮತಿ ಕೊಡದಿರುವುದು, ಬ್ಯಾಟರಿ ಸೇವರನ್ನು ಮೊದಲೇ ಚಾಲೂ ಮಾಡುವುದು ಎಲ್ಲ ಊರುಗಳಿಗೂ ಅನ್ವಯಿಸುವ ಕ್ರಮಗಳು.

ಈ ಚರಿತ್ರೆಯಿಂದ ತಿಳಿಯುವುದಿಷ್ಟು: ಉಳಿತಾಯದ ಮನಸ್ಸು ಎಲ್ಲ ಕಾಲಕ್ಕೂ ಒಂದೇ, ಆದರೆ ಉಳಿತಾಯದ ವಿಧಾನವನ್ನು ನಿರ್ಧರಿಸುವುದು ಆಯಾ ಬ್ಯಾಟರಿಯ ರಸಾಯನ. ಇಂದಿನ ಬ್ಯಾಟರಿಯ ಮೂಲಲೋಹವೂ ಹತ್ತಿರದಲ್ಲಿ ಹೇರಳವಾಗಿಲ್ಲ: ನೆರೆಯ ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯವು ಅಂದಾಜು ಮಾಡಿರುವ ಲಿಥಿಯಂ ನಿಕ್ಷೇಪ ಕೇವಲ 1,600 ಟನ್. ಇಂಥ ಲೋಹವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಪ್ರತಿಯೊಬ್ಬರೂ ಅದನ್ನು ಒಂದೆರಡು ವರ್ಷ ಹೆಚ್ಚು ಬಾಳಿಸಬೇಕು ಮತ್ತು ಸತ್ತ ಬ್ಯಾಟರಿಯನ್ನು ತಿಪ್ಪೆಗೆಸೆಯದೆ ಮರುಬಳಕೆಗೆ ಸಂಗ್ರಹಿಸುವವರ ಕೈಗೆ ಒಪ್ಪಿಸಬೇಕು.