ಗಡಿ ದಾಟಿ ಬಂದ ಮಕ್ಕಳ ಮನೋಘಾಸಿ ಮತ್ತು ಸಮೂಹ ಚಿಕಿತ್ಸೆ: ಕರ್ನಾಟಕದ ಟಿಬೆಟನ್ ವಸಾಹತುಗಳ ಹಿನ್ನೆಲೆಯಲ್ಲಿ

ಸಮೂಹ ಚಿಕಿತ್ಸೆಯಲ್ಲಿ ಒಂದೇ ಬಗೆಯ ನೋವುಂಡ ಕೆಲವರು ತರಬೇತಿ ಪಡೆದ ಆಪ್ತಸಮಾಲೋಚಕರೊಡನೆ ಗೊತ್ತಾದ ಅವಧಿಯವರೆಗೆ ಮತ್ತೆ ಮತ್ತೆ ಕೂಡುತ್ತಾರೆ. ಯುದ್ಧ, ದಮನ, ವಲಸೆಗಳಿಂದ ಘಾಸಿಗೊಂಡ ನಿರಾಶ್ರಿತ ಮಕ್ಕಳಿಗೂ ಹದಿಹರೆಯದವರಿಗೂ ಈ ಕ್ರಮವನ್ನು ಬಳಸಲು ಮನೋವೈದ್ಯರ ಕೊರತೆಯೊಂದೇ ಕಾರಣವಲ್ಲ. ಕೆಟ್ಟ ಕನಸು ಬೀಳುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ತನಗೊಬ್ಬನಿಗೇ ಎಂದು ನಂಬಿದ ಹುಡುಗನಿಗೆ, ಪಕ್ಕದಲ್ಲಿ ಕುಳಿತವನಿಗೂ ಹಾಗೆಯೇ ಆಗುತ್ತದೆಂದು ತಿಳಿಯುವುದೇ ದೊಡ್ಡ ನೆಮ್ಮದಿ. ಆದರೆ ಈ ಪದ್ಧತಿಗಳಲ್ಲಿ ಹೆಚ್ಚಿನವು ರೂಪುಗೊಂಡದ್ದು ಯುರೋಪು, ಅಮೆರಿಕಗಳಲ್ಲಿ. ನಡೆದುದನ್ನು ಬಾಯಿಬಿಟ್ಟು ಹೇಳಿದರೆ ನೋವು ಇಳಿಯುತ್ತದೆ ಎಂಬ ನಂಬಿಕೆ ಅವುಗಳಲ್ಲಿ ಹಲವಕ್ಕೆ ಬುನಾದಿ. ಎಲ್ಲ ಸಮುದಾಯಗಳೂ ಹಾಗೆ ನಂಬುವುದಿಲ್ಲ. ಟಿಬೆಟನ್ನರು ಇದಕ್ಕೆ ನಿದರ್ಶನ.

ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದರೂ 1959ರ ನಂತರ ಹಿಮಾಲಯ ದಾಟಿ ಬಂದ ಟಿಬೆಟನ್ನರಿಗೆ ಆಗಿನ ಮೈಸೂರು ರಾಜ್ಯ ಧಾರಾಳವಾಗಿ ನೆಲ ಕೊಟ್ಟಿತು. 1960ರ ಕೊನೆಯಿಂದ ಬೈಲಕುಪ್ಪೆಯಲ್ಲಿ ಕಾಡು ಕಡಿದು ನೆಲೆ ಕಟ್ಟಲಾಯಿತು. ಮುಂಡಗೋಡಿನ ವಸಾಹತು 1966ರಲ್ಲಿ ಆರಂಭವಾದಾಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ. ಹುಣಸೂರು, ಕೊಳ್ಳೇಗಾಲದ ನೆಲೆಗಳು 1970ರ ದಶಕದವು.

ಮಕ್ಕಳ ಪಾಡು ಹಿರಿಯರದಕ್ಕಿಂತ ಬೇರೆಯಾಗಿತ್ತು. ತಂದೆತಾಯಿ ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ದುಡಿಯುತ್ತಿದ್ದಾಗ ಅಲ್ಲಿಂದ ಕರೆತಂದ 51 ಮಕ್ಕಳೊಂದಿಗೆ 1960ರ ಮೇ ತಿಂಗಳಲ್ಲಿ ಧರ್ಮಶಾಲೆಯಲ್ಲಿ ಶಿಶುಗೃಹವೊಂದು ತೆರೆಯಿತು. ದಲೈ ಲಾಮಾರ ಅಕ್ಕ ತ್ಸೆರಿಂಗ್ ಡೋಲ್ಮಾ ಅದನ್ನು ನಡೆಸಿದರು. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಜೆಟ್ಸುನ್ ಪೆಮಾ ಹೊಣೆ ಹೊತ್ತರು. ಅದೇ ಮುಂದೆ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಆಯಿತು. ಬೈಲಕುಪ್ಪೆಯಲ್ಲೂ ಅದರ ಶಾಲೆಯಿದೆ. ದಶಕಗಳ ನಂತರವೂ ಟಿಬೆಟಿನಲ್ಲಿ ಉಳಿದ ಪೋಷಕರು ವಿದ್ಯೆಗಾಗಿ ಮಕ್ಕಳನ್ನು ದಾರಿತೋರುಕರ ಕೈಗೊಪ್ಪಿಸಿ ಹಿಮದ ಕಣಿವೆ ದಾಟಿಸುತ್ತಿದ್ದರು. ಈ ಮಕ್ಕಳು ಅನಾಥರಲ್ಲ, ಆದರೆ ಅಪ್ಪ ಅಮ್ಮನನ್ನು ಮತ್ತೆ ಕಾಣುವ ಭರವಸೆಯೂ ಇಲ್ಲ. ಮುಗಿಯದ ಈ ಅಗಲಿಕೆಗೆ ರೋಗಲಕ್ಷಣಗಳ ಪಟ್ಟಿಯಲ್ಲಿ ಸರಿಯಾದ ಜಾಗವೇ ಸಿಗುವುದಿಲ್ಲ.

ಸೆರ್ವಾನ್-ಶ್ರೈಬರ್ ಮತ್ತು ಸಂಗಡಿಗರು ಧರ್ಮಶಾಲೆಯ 61 ಮಕ್ಕಳನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 11.5ರಷ್ಟು ಮಕ್ಕಳಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಕಂಡುಬಂದಿತ್ತು. 2008ರಲ್ಲಿ ಎಮಿಲಿ ಸ್ಯಾಕ್ಸ್ ಮತ್ತಿತರರು ಹೊಸದಾಗಿ ಬಂದ 769 ಮಂದಿಯನ್ನು ಕುರಿತು ಪ್ರಕಟಿಸಿದ ಅಧ್ಯಯನದ ಫಲಿತಾಂಶ ಕುತೂಹಲಕರ: ಹಿಂಸೆ ಕಂಡವರು ಹಲವರಿದ್ದರೂ ಮನೋವ್ಯಥೆಯ ಪ್ರಮಾಣ ಬಹಳ ಕಡಿಮೆ. ಮುಖ್ಯವಾಗಿ ಧಾರ್ಮಿಕ ಆಚರಣೆಗಳು ಅವರಿಗೆ ಆಸರೆಯಾಗಿದ್ದವು. ಸಂಶೋಧಕಿ ಸಾರಾ ಲೂಯಿಸ್ 2019ರ ತಮ್ಮ ಪುಸ್ತಕದಲ್ಲಿ ಇದನ್ನೇ ಇನ್ನೊಂದು ಬದಿಯಿಂದ ವಿವರಿಸುತ್ತಾರೆ: ದುಃಖವನ್ನು ಮತ್ತೆ ಮತ್ತೆ ಕೆದಕದೆ ಮನಸ್ಸನ್ನು ವಿಶಾಲಗೊಳಿಸುವುದು ಆ ಸಮುದಾಯದ ರೂಢಿ, ಎಲ್ಲರ ಸಂಕಟದ ನಡುವೆ ತನ್ನದನ್ನೂ ಇಟ್ಟು ನೋಡುವ ಬೌದ್ಧ ಅಭ್ಯಾಸ ಅದರ ಬೆನ್ನಿಗಿದೆ. ಹೊರಗಿನವರು ಇದನ್ನು ನೋವನ್ನು ಅದುಮಿಡುವುದೆಂದು ತಿಳಿದರೆ ಚಿಕಿತ್ಸೆ ಆರಂಭದಲ್ಲೇ ದಾರಿ ತಪ್ಪುತ್ತದೆ. ಎದೆ ನಡುಕ, ನಿದ್ರೆಗೇಡು, ಚಡಪಡಿಕೆಗಳನ್ನು ಟಿಬೆಟನ್ ವೈದ್ಯ ಪದ್ಧತಿ ದೇಹದ ಗಾಳಿಯ ಏರುಪೇರೆಂದು ನೋಡುತ್ತದೆ. ವಾತದ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಇದು ತೀರ ಅಪರಿಚಿತವಲ್ಲ.

ಹಾಗಾದರೆ ಗುಂಪಿನಲ್ಲಿ ಮಾಡಬೇಕಾದುದೇನು? ನಾರ್ವೆಯ ‘ಚಿಲ್ಡ್ರನ್ ಅಂಡ್ ವಾರ್’ ಪ್ರತಿಷ್ಠಾನದ ಕ್ರಮ ಇಲ್ಲಿ ಉಪಯುಕ್ತ. ಅದರಲ್ಲಿ ಮಕ್ಕಳಿಗೆ 5, ಪೋಷಕರಿಗೆ 2 ಕೂಟಗಳು. ಉಸಿರಾಟ, ನಿದ್ರೆ, ನುಗ್ಗಿ ಬರುವ ನೆನಪನ್ನು ಹಿಡಿತಕ್ಕೆ ತರುವುದು, ಹೆದರಿ ಬಿಟ್ಟದ್ದನ್ನು ಮೆಲ್ಲಗೆ ಎದುರಿಸುವುದು ಮುಂತಾದ ಕೌಶಲಗಳನ್ನು ಅಲ್ಲಿ ಕಲಿಸುತ್ತಾರೆ. ಟಿಬೆಟನ್ ಮಕ್ಕಳ ಮನೆಗಳಿಗೆ ಇದನ್ನು ತರುವಾಗ ಪೋಷಕರ ಕೂಟದಲ್ಲಿ ಕೂರಬೇಕಾದವರು ಮನೆ ನೋಡಿಕೊಳ್ಳುವ ಸಾಕುತಾಯಂದಿರು. ನಡೆದುದನ್ನು ಹೇಳುವುದು ಮಗುವಿನ ಇಚ್ಛೆಗೆ ಬಿಟ್ಟದ್ದು. ಚಿತ್ರ, ಹಾಡು, ಕುಣಿತ, ಒಟ್ಟಾಗಿ ಮಾಡುವ ಪ್ರಾರ್ಥನೆಗೆ ಕೂಟದಲ್ಲೇ ಜಾಗವಿರಬೇಕು. ಪ್ರಾರ್ಥನೆಯನ್ನು ಔಷಧಿಯಂತೆ ಬರೆದುಕೊಡುವುದೂ ತಪ್ಪೇ: ಇಲ್ಲೇ ಹುಟ್ಟಿ ಬೆಳೆದು, ಕನ್ನಡ ಹಿಂದಿ ಎರಡನ್ನೂ ಆಡುವ, ಮಠದಿಂದ ದೂರವಾದ ಯುವಕನಿಗೆ ಅದು ಹೇರಿಕೆಯಾದೀತು.

ದಾವಣಗೆರೆ, ಹರಿಹರದಂಥ ಊರುಗಳಲ್ಲಿ ಟಿಬೆಟನ್ ವಸಾಹತಿಲ್ಲ. ಆದರೆ ಚಳಿಗಾಲದ ಸ್ವೆಟರ್ ವ್ಯಾಪಾರ, ಓದು, ಉದ್ಯೋಗಗಳಿಗಾಗಿ ಟಿಬೆಟನ್ ಯುವಜನರು ರಾಜ್ಯದ ಊರೂರಿಗೆ ಹೋಗುವುದರಿಂದ ಇಂಥ ಊರುಗಳ ವೈದ್ಯರಿಗೂ ಈ ತಿಳಿವಳಿಕೆ ಬೇಕು. ಅದಕ್ಕೆ ನೆಲೆಗಟ್ಟು ಈಗಾಗಲೇ ಇದೆ. ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು ತೋರಿಸಿದ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ರಾಜ್ಯದ ಮನೋಚೈತನ್ಯ ಯೋಜನೆ ಮಂಗಳವಾರದ ಮನೋವೈದ್ಯರ ತಪಾಸಣೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತಂದಿತು. 2022ರಿಂದ ಟೆಲಿ ಮಾನಸ್‌ನ 14416 ಸಹಾಯವಾಣಿಯೂ ಇದೆ. ಸಾಯುವ ಯೋಚನೆಯಿರುವ, ಇಲ್ಲವೇ ನೆನಪಿನ ದಾಳಿಗೆ ಸಿಕ್ಕಿ ಎಚ್ಚರ ತಪ್ಪುವ ಮಗುವನ್ನು ಗುಂಪಿನಲ್ಲೇ ಉಳಿಸಿಕೊಳ್ಳದೆ ತಡಮಾಡದೆ ಮನೋವೈದ್ಯರಿಗೆ ಒಪ್ಪಿಸಬೇಕು. ದುಭಾಷಿಯಾಗಿ ಮನೆಯ ಕಿರಿಯರನ್ನಾಗಲಿ ಅದೇ ವಸಾಹತಿನ ಪರಿಚಿತರನ್ನಾಗಲಿ ಕೂರಿಸಬಾರದು. ಚಿಕ್ಕ ಸಮುದಾಯದಲ್ಲಿ ಗುಟ್ಟು ನಿಲ್ಲದು, ಆ ಭಯವಿರುವವರೆಗೆ ಮಗು ಬಾಯಿಬಿಡದು.